ಗುಹೆಯ ಬಾಯಿಗೆ ಕಟ್ಟಿದ ಹಗ್ಗ: ಶಿಂಟೋ ಗುಡಿಗಳ ಹಿಂದಿನ ಕಥೆಗಳು

ಜಪಾನಿನ ಮೂಲ ಧರ್ಮವಾದ ಶಿಂಟೋದ ಗುಡಿಯ ಅಂಗಳದಲ್ಲಿ ಕಲ್ಲಿನ ತೊಟ್ಟಿ ಇರುತ್ತದೆ. ಭಕ್ತರು ಸೌಟಿನಲ್ಲಿ ನೀರು ಮೊಗೆದು ಎಡಗೈ ತೊಳೆಯುತ್ತಾರೆ, ಆಮೇಲೆ ಬಲಗೈ, ಕೊನೆಗೆ ಬಾಯಿ ಮುಕ್ಕಳಿಸುತ್ತಾರೆ. ಕಥೆ ಗೊತ್ತಿಲ್ಲದವರಿಗೆ ಇದು ಬರೀ ಮಡಿ. ಗೊತ್ತಿದ್ದವರಿಗೆ ಇಜಾನಗಿ ನೆನಪಾಗುತ್ತಾನೆ. ಸತ್ತ ಹೆಂಡತಿಯನ್ನು ಕರೆತರಲು ಪಾತಾಳಕ್ಕೆ ಇಳಿದ ಆ ದೇವರು, ಹುಳು ಬಿದ್ದ ಅವಳ ದೇಹ ಕಂಡು ಓಡಿಬಂದು ನೀರಿಗಿಳಿದ. ಎಡಗಣ್ಣು ತೊಳೆದಾಗ ಸೂರ್ಯದೇವಿ ಅಮಾತೆರಾಸು ಹುಟ್ಟಿದಳು, ಬಲಗಣ್ಣಿನಿಂದ ಚಂದ್ರದೇವ, ಮೂಗಿನಿಂದ ಬಿರುಗಾಳಿಯ ದೇವ ಸುಸಾನೊ. ಇದನ್ನು ಹೇಳುವ ‘ಕೊಜಿಕಿ’ ಕ್ರಿ.ಶ. 712ರಲ್ಲಿ ಅರಮನೆಯ ಆಜ್ಞೆಯಂತೆ ಸಿದ್ಧವಾದ ಗ್ರಂಥ.

ನನಗೆ ಅತ್ಯಂತ ಪ್ರಿಯವಾದದ್ದು ಹಗ್ಗದ ಕಥೆ. ಸುಸಾನೊ ಅಕ್ಕನ ಗದ್ದೆಗಳ ಬದು ಒಡೆದ, ಚರ್ಮ ಸುಲಿದ ಕುದುರೆಯನ್ನು ಅವಳ ನೇಯ್ಗೆಮನೆಯೊಳಗೆ ಎಸೆದ. ನೊಂದ ಅಮಾತೆರಾಸು ಗುಹೆ ಸೇರಿ ಬಂಡೆ ಮುಚ್ಚಿಕೊಂಡಳು. ಲೋಕಕ್ಕೆ ಕತ್ತಲು ಕವಿಯಿತು. ಆಗ ಉಜುಮೆ ಎಂಬ ದೇವತೆ ಬೋರಲು ಹಾಕಿದ ತೊಟ್ಟಿಯ ಮೇಲೆ ಮೈಮರೆತು ಕುಣಿದಳು. ನೆರೆದ ದೇವತೆಗಳೆಲ್ಲ ಗೊಳ್ಳೆಂದು ನಕ್ಕರು. ನಗುವೇಕೆಂದು ಇಣುಕಿದವಳಿಗೆ ಕನ್ನಡಿ ಹಿಡಿದರು, ಹೊರಗೆಳೆದರು, ಮತ್ತೆ ಒಳಹೋಗದಂತೆ ಗುಹೆಯ ಬಾಯಿಗೆ ಹಗ್ಗ ಕಟ್ಟಿದರು. ಗುಡಿಯ ಬಾಗಿಲಿನಲ್ಲಿ, ಹಳೆಯ ಮರಗಳ ಸುತ್ತ ಇಂದು ಕಾಣುವ ಹುಲ್ಲಿನ ಹೊಸೆಹಗ್ಗಕ್ಕೆ ಪರಂಪರೆ ಹೇಳುವ ಮೂಲ ಇದು. ಗುಡಿಗಳ ಕಾಗುರಾ ನೃತ್ಯವೂ ಉಜುಮೆಯಿಂದಲೇ ಬಂತೆನ್ನುತ್ತಾರೆ. ಆ ಕನ್ನಡಿ ಅಮಾತೆರಾಸುವಿನ ಗುಡಿಯಿರುವ ಇಸೆ ಎಂಬ ಊರಿನ ಒಳಗುಡಿಯಲ್ಲಿದೆ ಎಂಬುದು ನಂಬಿಕೆ; ಭಕ್ತರ ಕಣ್ಣಿಗೆ ಅದು ಬೀಳುವುದಿಲ್ಲ. ಗುಡಿಯನ್ನು 20 ವರ್ಷಕ್ಕೊಮ್ಮೆ ಪಕ್ಕದ ನಿವೇಶನದಲ್ಲಿ ಹೊಸದಾಗಿ ಕಟ್ಟುತ್ತಾರೆ. 690ರಲ್ಲಿ ಶುರುವಾದ ಈ ಪದ್ಧತಿ ಅಂತರ್ಯುದ್ಧಗಳ ಕಾಲದಲ್ಲಿ ಶತಮಾನಕ್ಕೂ ಹೆಚ್ಚು ನಿಂತುಹೋಗಿತ್ತು. ಕಳೆದ ಸಲ ಕಟ್ಟಿದ್ದು 2013ರಲ್ಲಿ.

ಪಶ್ಚಿಮ ಜಪಾನಿನ ಇಜುಮೊ ಗುಡಿಯದ್ದು ಸೋತವನ ಕಥೆ. ನಾಡನ್ನಾಳುತ್ತಿದ್ದ ಒಕುನಿನುಶಿ ಎಂಬ ದೇವರು ತನ್ನ ನಾಡನ್ನು ಅಮಾತೆರಾಸುವಿನ ವಂಶಕ್ಕೆ ಬಿಟ್ಟುಕೊಟ್ಟು, ಬದಲಿಗೆ ಮುಗಿಲೆತ್ತರದ ಮಂದಿರ ಕೇಳಿದನಂತೆ. ಗುಡಿ ಒಮ್ಮೆ 48 ಮೀಟರ್ ಎತ್ತರವಿತ್ತೆಂಬ ಐತಿಹ್ಯವನ್ನು ಹಲವು ವಿದ್ವಾಂಸರು ಒಪ್ಪಿರಲಿಲ್ಲ. 2000ದಲ್ಲಿ ಅಂಗಳ ಅಗೆದಾಗ ಮೂರು ದೇವದಾರು ದಿಮ್ಮಿಗಳನ್ನು ಒಟ್ಟುಗೂಡಿಸಿದ, ಸುಮಾರು 3 ಮೀಟರ್ ವ್ಯಾಸದ ಕಂಬದ ಬುಡ ಸಿಕ್ಕಿತು. ಅರ್ಚಕರ ಮನೆತನದ ಹಳೆಯ ನಕ್ಷೆಯಲ್ಲಿ ಇದ್ದದ್ದೂ ಇಂಥದೇ ಕಂಬ. 48 ಮೀಟರ್ ಇದರಿಂದ ಸಾಬೀತಾಗದು, ಆದರೆ ನಕ್ಷೆ ಬರೀ ಕಲ್ಪನೆಯಲ್ಲ. ಕಂಬವಿದ್ದ ಜಾಗವನ್ನು ಅಂಗಳದ ನೆಲಹಾಸಿನಲ್ಲಿ ವೃತ್ತಗಳಾಗಿ ಗುರುತಿಸಿದ್ದಾರೆ. ಅಲ್ಲಿ ನಿಂತು ತಲೆಯೆತ್ತಿ ನೋಡಬೇಕು.

ಆದರೆ ಗುಡಿಯಲ್ಲಿ ಇಂದು ಹೇಳುವ ಕಥೆಯೆಲ್ಲ ಅನಾದಿ ಎಂದುಕೊಳ್ಳುವುದು ತಪ್ಪು. ಸಾವಿರಕ್ಕೂ ಹೆಚ್ಚು ವರ್ಷ ಶಿಂಟೋ ದೇವತೆಗಳು ಬುದ್ಧನ ಜೊತೆ ಒಂದೇ ಆವರಣದಲ್ಲಿದ್ದರು. 1868ರಲ್ಲಿ ಚಕ್ರವರ್ತಿಯ ಹೆಸರಿನಲ್ಲಿ ಅಧಿಕಾರಕ್ಕೆ ಬಂದ ಮೆಯ್ಜಿ ಸರ್ಕಾರ, ಅಮಾತೆರಾಸುವಿನಿಂದ ಬಂತೆನ್ನುವ ಅವನ ದೈವೀ ವಂಶವನ್ನು ಆಡಳಿತದ ಆಧಾರವಾಗಿಸಲು ಇಬ್ಬರನ್ನೂ ಬೇರ್ಪಡಿಸಿತು. ಆವೇಶದಲ್ಲಿ ಎಷ್ಟೋ ವಿಗ್ರಹ, ಗ್ರಂಥಗಳು ನಾಶವಾದವು. ಅದು ತುಂಬಲಾರದ ನಷ್ಟ. ಎರಡು ಬಾರಿ ಬಾಗಿ, ಎರಡು ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗುವ ಕ್ರಮ ಎಲ್ಲೆಡೆ ಒಂದೇ ಆದದ್ದೂ ಈಚೆಗೇ. ಇಜುಮೊದಲ್ಲಿ ಇವತ್ತಿಗೂ ನಾಲ್ಕು ಚಪ್ಪಾಳೆ.

ಈ ವಿಭಜನೆ ನಮ್ಮ ಸರಸ್ವತಿಯನ್ನೂ ಮುಟ್ಟಿತು. ಬೌದ್ಧ ಧರ್ಮದೊಂದಿಗೆ ಚೀನಾದ ಮೂಲಕ ಜಪಾನ್ ತಲುಪಿದ ಅವಳು ಅಲ್ಲಿ ಬಿವಾ ಎಂಬ ತಂತಿವಾದ್ಯ ಹಿಡಿದ ಬೆನ್‌ಜೈತೆನ್. ಸುಸಾನೊವಿನ ಕತ್ತಿಯಿಂದ ಹುಟ್ಟಿದ ಇಚಿಕಿಶಿಮಾಹಿಮೆ ಎಂಬ ದೇವತೆಯೂ ಅವಳೂ ಒಂದೇ ಎಂದು ಜನ ಪೂಜಿಸುತ್ತಿದ್ದರು. ಆಜ್ಞೆ ಬಂದ ಮೇಲೆ ಬಿವಾ ಸರೋವರದ ಚಿಕುಬು ದ್ವೀಪದಲ್ಲಿ ಬೆನ್‌ಜೈತೆನ್ ಬೌದ್ಧ ಮಂದಿರದ ಪಾಲಾದಳು, ಇಚಿಕಿಶಿಮಾಹಿಮೆ ಶಿಂಟೋ ಗುಡಿಯ ಪಾಲಾದಳು. ಎರಡಕ್ಕೂ ನಡುವೆ ಇಂದಿಗೂ ಮರದ ಮೊಗಸಾಲೆಯಿದೆ. ದೋಣಿಯಲ್ಲಿ ಬಂದವರು ಅದರೊಳಗೆ ನಡೆದು ಇಬ್ಬರಿಗೂ ಕೈಮುಗಿಯುತ್ತಾರೆ.