ಗದ್ದೆ ಅವಳ ಹೆಸರಿಗೆ, ಭತ್ತ ಯಾರ ಕಣಜಕ್ಕೆ?

ಪಶ್ಚಿಮ ಆಫ್ರಿಕಾದ ಪುಟ್ಟ ದೇಶ ಗ್ಯಾಂಬಿಯಾ. ಅಲ್ಲಿನ ಮಾಂಡಿಂಕ ಜನರಲ್ಲಿ ಭತ್ತ ಹೆಂಗಸರ ಬೆಳೆ, ಶೇಂಗಾ ಗಂಡಸರದು. ನದಿ ಪಕ್ಕದ ಜೌಗು ನೆಲದಲ್ಲಿ ಯಾವ ತಳಿ ಎಲ್ಲಿ ಬರುತ್ತದೆ ಅಂತ ಹೆಂಗಸರಿಗೇ ಚೆನ್ನಾಗಿ ಗೊತ್ತು.

1966ರಲ್ಲಿ ತೈವಾನಿನ ತಜ್ಞರು ಅಲ್ಲಿ ನೀರಾವರಿ ಭತ್ತ ಕಲಿಸಲು ಬಂದರು. ಕಲಿಸಿದ್ದು ಗಂಡಸರಿಗೆ! ಬೀಜ, ಗೊಬ್ಬರ, ಸಾಲ ಎಲ್ಲವೂ ಅವರ ಕೈಗೇ ಹೋಯಿತು. ರೈತ ಅಂದರೆ ಗಂಡಸು ಅಂತಲೇ ಅಂದುಕೊಂಡಿದ್ದರು.

ಅಭಿವೃದ್ಧಿಯ ಹೆಸರಿನಲ್ಲಿ ಇಂಥದ್ದು ಎಷ್ಟೋ ಕಡೆ ನಡೆದಿತ್ತು. 1970ರಲ್ಲಿ ಡೆನ್ಮಾರ್ಕಿನ ಅರ್ಥಶಾಸ್ತ್ರಜ್ಞೆ ಎಸ್ತರ್ ಬೋಸೆರಪ್ ಅದನ್ನು ಎತ್ತಿ ತೋರಿಸಿದರು. ಹೊಸ ಸಲಕರಣೆ, ಹೊಸ ವಿದ್ಯೆ ಗಂಡಸರ ಪಾಲಾದಾಗ ದುಡಿಯುವ ಹೆಂಗಸರು ಇನ್ನೂ ಹಿಂದೆ ಬೀಳುತ್ತಾರೆ ಎಂದರು. ಹಾಗಾದರೆ ಹೆಂಗಸರನ್ನೂ ಯೋಜನೆಯೊಳಗೆ ಸೇರಿಸೋಣ ಎಂಬ ವಿಚಾರ ಬೆಳೆಯಿತು. ‘ಅಭಿವೃದ್ಧಿಯಲ್ಲಿ ಮಹಿಳೆ’ ಎಂದು ಕರೆಯುವುದು ಇದನ್ನೇ. 1975ರಲ್ಲಿ ಮೆಕ್ಸಿಕೋ ನಗರದಲ್ಲಿ ವಿಶ್ವಸಂಸ್ಥೆಯ ಮೊದಲ ಮಹಿಳಾ ಸಮ್ಮೇಳನವೂ ನಡೆಯಿತು.

ಸೇರಿಸಿದರೆ ಸಾಕಾ? ಮತ್ತೆ ಗ್ಯಾಂಬಿಯಾಕ್ಕೆ ಹೋಗೋಣ.

1984ರಲ್ಲಿ ಅಲ್ಲಿ ಜಹಾಲಿ-ಪಚಾರ್ ಎಂಬ ಭತ್ತದ ಯೋಜನೆ ಶುರುವಾಯಿತು. ಸುಮಾರು 1,500 ಹೆಕ್ಟೇರ್, ವರ್ಷಕ್ಕೆ ಎರಡು ಬೆಳೆ. ಈ ಸಲ ಹಳೆಯ ತಪ್ಪು ಬೇಡ ಅಂತ ಎಷ್ಟೋ ಗದ್ದೆಗಳನ್ನು ಹೆಂಗಸರ ಹೆಸರಿಗೇ ಬರೆಸಿದರು. ಆದರೆ ಮಾಂಡಿಂಕರಲ್ಲಿ ಹೊಲದಲ್ಲೇ ಎರಡು ಬಗೆ. ‘ಮರುವೊ’ ಅಂದರೆ ಇಡೀ ಮನೆಯದು. ಎಲ್ಲರೂ ದುಡಿಯಬೇಕು, ಬೆಳೆ ಮನೆಯ ಯಜಮಾನನ ಕೈಗೆ. ‘ಕಮನ್ಯಾಂಗೊ’ ಅಂದರೆ ಸ್ವಂತದ್ದು. ಬೆಳೆದವರೇ ಮಾರಿ ದುಡ್ಡು ಇಟ್ಟುಕೊಳ್ಳಬಹುದು. ನೀರಾವರಿ ಗದ್ದೆಯೆಲ್ಲ ಮರುವೊ ಎಂದು ಗಂಡಸರು ವಾದಿಸಿದರು, ಅದೇ ನಡೆಯಿತು. ಕಾಗದದಲ್ಲಿ ಅವಳ ಹೆಸರು, ಕೆಸರಿನಲ್ಲಿ ಅವಳ ಕಾಲು, ಭತ್ತದ ಲೆಕ್ಕ ಮಾತ್ರ ಅವನದು. ಮೊದಲು ಒಂದು ಬೆಳೆಗೆ ದುಡಿಯುತ್ತಿದ್ದವಳು ಈಗ ಎರಡಕ್ಕೆ ದುಡಿಯಬೇಕಾಯಿತು. ಇದನ್ನು ಓದಿದಾಗೆಲ್ಲ ನನಗೆ ಸಂಕಟವಾಗುತ್ತದೆ. ನಮ್ಮಲ್ಲೂ ಪಹಣಿಯಲ್ಲಿ ಹೆಸರಿದ್ದು ಮಾತಿಗೆ ಬೆಲೆಯಿಲ್ಲದ ಹೆಂಗಸರು ಇದ್ದಾರೆ, ಅಲ್ವಾ?

ಅದೇ 1984ರ ಆಗಸ್ಟಿನಲ್ಲಿ ನಮ್ಮ ಬೆಂಗಳೂರಿನಲ್ಲಿ ಒಂದು ಸಭೆ ಸೇರಿತು. ಕರೆದವರು ಮೈಸೂರಿನಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞೆ ದೇವಕಿ ಜೈನ್. ಬಡ ದೇಶಗಳ ವಿದ್ವಾಂಸೆಯರು, ಹೋರಾಟಗಾರ್ತಿಯರು ಬಂದಿದ್ದರು. ‘ಡಾನ್’ (DAWN) ಎಂಬ ಮಹಿಳೆಯರ ಜಾಲ ಹುಟ್ಟಿದ್ದು ಅಲ್ಲೇ. ಹೆಂಗಸರನ್ನು ಅಭಿವೃದ್ಧಿಗೆ ಸೇರಿಸಿ ಅನ್ನುತ್ತೀರಲ್ಲ, ಅದು ಎಂಥ ಅಭಿವೃದ್ಧಿ ಎಂದು ಅವರು ಕೇಳಿದರು. ಮರುವರ್ಷ ಕೀನ್ಯಾದ ನೈರೋಬಿಯಲ್ಲಿ ನಡೆದ ವಿಶ್ವಸಂಸ್ಥೆಯ ಮಹಿಳಾ ಸಮ್ಮೇಳನಕ್ಕೂ ಆ ಪ್ರಶ್ನೆಯನ್ನು ಒಯ್ದರು.

ಆ ಹೊತ್ತಿಗೆ ಬೆಳೆಯುತ್ತಿದ್ದ ಇನ್ನೊಂದು ದಾರಿಗೆ ‘ಲಿಂಗತ್ವ ಮತ್ತು ಅಭಿವೃದ್ಧಿ’ ಎಂದು ಹೆಸರು. ಅದು ಹೆಂಗಸರನ್ನು ಮಾತ್ರ ನೋಡುವುದಿಲ್ಲ. ಗಂಡು-ಹೆಣ್ಣಿನ ನಡುವೆ ದುಡಿಮೆ, ಆಸ್ತಿ, ಅಧಿಕಾರ ಹೇಗೆ ಹಂಚಿಕೆಯಾಗಿದೆ ಎಂದು ನೋಡುತ್ತದೆ. ಜಹಾಲಿಯಲ್ಲಿ ಕೈಕೊಟ್ಟಿದ್ದು ಪಂಪಲ್ಲ, ತಳಿಯಲ್ಲ. ಮನೆಯೊಳಗೆ ಯಾರ ದುಡಿಮೆಯ ಮೇಲೆ ಯಾರಿಗೆ ಹಕ್ಕು ಎಂಬುದನ್ನು ಯೋಜನೆ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಆ ಹೆಂಗಸರೇನೂ ಸುಮ್ನೆ ಕೂರಲಿಲ್ಲ. ಕೆಲವರು ದುಡಿದಿದ್ದಕ್ಕೆ ಭತ್ತದಲ್ಲಿ ಪಾಲು ಕೇಳಿ ಪಡೆದರು. ಕೆಲವರು ಗಂಡನ ಗದ್ದೆಗೆ ಇಳಿಯುವುದಿಲ್ಲ ಎಂದರು. ಇನ್ನು ಕೆಲವರು ಗುಂಪು ಕಟ್ಟಿಕೊಂಡು, ಕೂಲಿ ಮಾತಾಡಿ, ಬೇರೆಯವರ ಗದ್ದೆಯಲ್ಲಿ ನಾಟಿಗೆ ನಿಂತರು.