ಕೇಬಲ್‌ಗೆ ಹೆಸರಿಲ್ಲ: ಲಿನಕ್ಸ್‌ನಲ್ಲಿ ಎರಡು ಜಾಗದ ನೆಟ್‌ವರ್ಕ್

ದಾವಣಗೆರೆ ಮಂಡಿಪೇಟೆಯ ಅಂಗಡಿಯೊಂದರ ಲೆಕ್ಕದ ಲ್ಯಾಪ್‌ಟಾಪ್ ಎಂದುಕೊಳ್ಳಿ. ಹಗಲು ಅಂಗಡಿಯ ಕೇಬಲ್, ರಾತ್ರಿ ವಿದ್ಯಾನಗರದ ಮನೆಯ ಕೇಬಲ್. ಅಂಗಡಿಯಲ್ಲಿ ಅದಕ್ಕೆ 192.168.1.50 ಎಂಬ ಸ್ಟ್ಯಾಟಿಕ್ ಐಪಿ (ಬದಲಾಗದ ನೆಟ್‌ವರ್ಕ್ ವಿಳಾಸ) ಹಾಕಿದ್ದಾರೆ. ಮನೆಯ ರೂಟರ್ 192.168.0.1, ಅಂದರೆ ಬೇರೆಯೇ ಸಾಲಿನ ವಿಳಾಸ. ಮನೆಯಲ್ಲಿ ಕೇಬಲ್ ಚುಚ್ಚಿದರೆ ‘ಕನೆಕ್ಟೆಡ್’ ಎಂದೇ ತೋರಿಸುತ್ತದೆ, ಒಂದು ಪುಟವೂ ತೆರೆಯುವುದಿಲ್ಲ. ರಾತ್ರಿ ವಿಳಾಸ ಅಳಿಸಿ ಬೆಳಿಗ್ಗೆ ಮತ್ತೆ ಟೈಪ್ ಮಾಡುವವರು ಬಹಳ ಮಂದಿ. ಆ ಕಷ್ಟ ಬೇಕಾಗಿಯೇ ಇಲ್ಲ.

ಉಬುಂಟು, ಫೆಡೋರಾ, ಮಿಂಟ್ ಎಂಬ ಲಿನಕ್ಸ್ ಬಗೆಗಳಲ್ಲಿ ಸಂಪರ್ಕ ನೋಡಿಕೊಳ್ಳುವುದು ನೆಟ್‌ವರ್ಕ್‌ಮ್ಯಾನೇಜರ್. 2004ರಲ್ಲಿ ರೆಡ್ ಹ್ಯಾಟ್ ಕಂಪನಿ ಶುರುಮಾಡಿದ್ದು. ಪ್ರತಿ ಜಾಗದ ಸೆಟ್ಟಿಂಗನ್ನೂ ಅದು ‘ಪ್ರೊಫೈಲ್’ ಎಂಬ ಬೇರೆ ಬೇರೆ ಫೈಲಿನಲ್ಲಿ ಇಡುತ್ತದೆ. ಒಂದು ನೆಟ್‌ವರ್ಕ್ ಕಾರ್ಡಿಗೆ ಎಷ್ಟು ಪ್ರೊಫೈಲ್ ಆದರೂ ಇರಲಿ, ಒಮ್ಮೆಗೆ ಜಾರಿಯಲ್ಲಿರುವುದು ಒಂದೇ.

ವೈಫೈ ತನ್ನ ಹೆಸರನ್ನು ತಾನೇ ಸಾರುತ್ತದೆ, ಆದ್ದರಿಂದ ಯಾವ ಪ್ರೊಫೈಲ್ ಎಂದು ಗೊಂದಲವಿಲ್ಲ. ಕೇಬಲ್‌ಗೆ ಹೆಸರಿಲ್ಲ. ಅದು ಮಂಡಿಪೇಟೆಯದೋ ಮನೆಯದೋ ಕಂಪ್ಯೂಟರಿಗೆ ತಿಳಿಯದು. ಮೇಲಾಗಿ, ಸ್ಟ್ಯಾಟಿಕ್ ಪ್ರೊಫೈಲ್ ಯಾರನ್ನೂ ಕೇಳದೆ ವಿಳಾಸ ಹಾಕಿಕೊಳ್ಳುವುದರಿಂದ ಎಂದೂ ಸೋಲುವುದಿಲ್ಲ. ಅದು ಸೋಲದಿದ್ದರೆ ಇನ್ನೊಂದರ ಸರದಿಯೇ ಬರುವುದಿಲ್ಲ.

ಗ್ನೋಮ್ ಡೆಸ್ಕ್‌ಟಾಪ್‌ನಲ್ಲಿ ಸೆಟ್ಟಿಂಗ್ಸ್, ನೆಟ್‌ವರ್ಕ್‌ಗೆ ಹೋಗಿ ‘ವೈರ್ಡ್’ ಪಕ್ಕದ ಪ್ಲಸ್ ಒತ್ತಿ. ‘ಅಂಗಡಿ’ ಎಂದು ಹೆಸರಿಡಿ. ಐಪಿವಿ4ರಲ್ಲಿ ‘ಮ್ಯಾನ್ಯುಅಲ್’ ಆರಿಸಿ ವಿಳಾಸ, ನೆಟ್‌ಮಾಸ್ಕ್ 255.255.255.0, ಗೇಟ್‌ವೇ (ರೂಟರ್‌ನ ವಿಳಾಸ), ಡಿಎನ್‌ಎಸ್ (ವೆಬ್‌ಸೈಟ್ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಸರ್ವರ್) ತುಂಬಿ. ಡಿಎನ್‌ಎಸ್ ಮರೆತವರೇ ಹೆಚ್ಚು. ಆಗ ಐಪಿ ವಿಳಾಸಕ್ಕೆ ಪಿಂಗ್ (ಸಂಪರ್ಕ ಪರೀಕ್ಷೆ) ಹೋಗುತ್ತದೆ, ವೆಬ್‌ಸೈಟ್ ಬರುವುದಿಲ್ಲ. ಸೇವ್ ಆದ ಮೇಲೆ ಚಕ್ರದ ಗುರುತು ಒತ್ತಿ ‘ಕನೆಕ್ಟ್ ಆಟೊಮ್ಯಾಟಿಕಲಿ’ ತೆಗೆಯಿರಿ. ‘ಮನೆ’ ಎಂಬ ಇನ್ನೊಂದು ಪ್ರೊಫೈಲ್ ‘ಆಟೊಮ್ಯಾಟಿಕ್’ ಆಗಿಯೇ ಇರಲಿ. ಬೆಳಿಗ್ಗೆ ಅಂಗಡಿಯಲ್ಲಿ ‘ಅಂಗಡಿ’ ಮೇಲೆ ಒಮ್ಮೆ ಕ್ಲಿಕ್ ಮಾಡಿದರೆ ಆಯಿತು.

ಆ ಒಂದು ಕ್ಲಿಕ್ಕೂ ಬೇಡವೆಂದರೆ ದಾರಿಯಿದೆ, ಅಂಗಡಿಯ ರೂಟರ್‌ನಲ್ಲಿ ಡಿಎಚ್‌ಸಿಪಿ (ವಿಳಾಸವನ್ನು ತಾನೇ ಹಂಚುವ ಸೌಲಭ್ಯ) ಆಫ್ ಇದ್ದರೆ ಮಾತ್ರ. ಎರಡಕ್ಕೂ ಆಟೊಕನೆಕ್ಟ್ ಕೊಟ್ಟು ‘ಮನೆ’ಗೆ ಹೆಚ್ಚಿನ ಪ್ರಯಾರಿಟಿ (ಆದ್ಯತೆ) ಕೊಡಿ, 10 ಸಾಕು; ಇದು ಗ್ನೋಮ್ ಸೆಟ್ಟಿಂಗ್ಸ್‌ನಲ್ಲಲ್ಲ, nm-connection-editor ಎಂಬ ಬೇರೆ ಕಿಟಕಿಯಲ್ಲಿ. ಮಿತಿ -999ರಿಂದ 999, ಸಹಜವಾಗಿ ಇರುವುದು 0. ‘ಮನೆ’ಯಲ್ಲಿ ಐಪಿವಿ4 ಕಡ್ಡಾಯ ಎಂಬ ಟಿಕ್ ಹಾಕಿ. ವಿಳಾಸ ಸಿಗದೆ ಅದು ಸೋತ ಮೇಲೆ ‘ಅಂಗಡಿ’ ಏಳುತ್ತದೆ. ಆದರೆ ಪ್ರತಿ ಪ್ರಯತ್ನಕ್ಕೆ 45 ಸೆಕೆಂಡು, ಹಾಗೆ 4 ಸಲ: ಸುಮಾರು 3 ನಿಮಿಷ ಕಾಯಬೇಕು. ಈ ಅವಧಿ ಇಳಿಸಬಹುದು. ನಮ್ಮ ಕಡೆ ಇಳಿಸದಿರುವುದೇ ಲೇಸು. ಕರೆಂಟ್ ಹೋಗಿ ಬಂದಾಗ ರೂಟರ್ ಪೂರ್ತಿ ಏಳುವ ಮೊದಲೇ ಅವಧಿ ಮುಗಿದರೆ, ಮನೆಯಲ್ಲೇ ‘ಅಂಗಡಿ’ ಹಿಡಿದುಕೊಂಡುಬಿಡುತ್ತದೆ. ಆಗ ಕೇಬಲ್ ಕಿತ್ತು ಮತ್ತೆ ಚುಚ್ಚಬೇಕು. ಹಾಗಾಗಿ ಕೈಯಿಂದ ಆರಿಸುವುದೇ ನನಗೆ ಸರಿಕಾಣುತ್ತದೆ.

ಪ್ರೊಫೈಲ್‌ಗಳನ್ನು ಹೊಸ ಲ್ಯಾಪ್‌ಟಾಪ್‌ಗೆ ಒಯ್ಯಬಹುದು. ಫೆಡೋರಾದಲ್ಲಿ ಅವು ಇಟಿಸಿ ಫೋಲ್ಡರ್‌ನೊಳಗೆ ನೆಟ್‌ವರ್ಕ್‌ಮ್ಯಾನೇಜರ್, ಅದರೊಳಗೆ ಸಿಸ್ಟಮ್-ಕನೆಕ್ಷನ್ಸ್‌ನಲ್ಲಿವೆ; ಉಬುಂಟು 23.10ರಿಂದೀಚೆಗೆ ನೆಟ್‌ಪ್ಲಾನ್ ಫೋಲ್ಡರ್‌ನಲ್ಲಿ. ವೈಫೈ ಪಾಸ್‌ವರ್ಡ್ ಸಾಮಾನ್ಯವಾಗಿ ಅದರಲ್ಲೇ ಓದಬಹುದಾದ ಸಾದಾ ಅಕ್ಷರದಲ್ಲಿರುತ್ತದೆ, ಪೆನ್‌ಡ್ರೈವ್ ಜೋಪಾನ. ಫೆಡೋರಾದಲ್ಲಿ ಫೈಲ್ ರೂಟ್‌ನ (ಅಡ್ಮಿನ್ ಖಾತೆಯ) ಒಡೆತನದಲ್ಲಿದ್ದು ಅನುಮತಿ 600, ಅಂದರೆ ಒಡೆಯ ಮಾತ್ರ ಓದಿ ಬರೆಯುವಂತೆ, ಇರಬೇಕು. ಪೆನ್‌ಡ್ರೈವ್‌ನಿಂದ ಬಂದದ್ದು ಹಾಗಿರುವುದಿಲ್ಲ, ನೆಟ್‌ವರ್ಕ್‌ಮ್ಯಾನೇಜರ್ ಅದನ್ನು ಓದುವುದೇ ಇಲ್ಲ. ಎಲ್ಲ ಸರಿಯಿದ್ದೂ ಪ್ರೊಫೈಲ್ ಏಳದಿದ್ದರೆ ಒಳಗೆ ಹಳೆಯ ಕಾರ್ಡಿನ ಮ್ಯಾಕ್ ವಿಳಾಸವೋ (ಕಾರ್ಡಿನ ಗುರುತಿನ ಸಂಖ್ಯೆ) ಇಂಟರ್‌ಫೇಸ್ ಹೆಸರೋ ಉಳಿದಿರುತ್ತದೆ. ಆ ಸಾಲು ಅಳಿಸಿ.