ಡೊಳ್ಳಿಗೆ ಬೆಚ್ಚದ ಕಿವಿ ಗರ್ನಾಲಿಗೆ ಯಾಕೆ ಬೆಚ್ಚುತ್ತದೆ?

ರಣಭೇರಿಯ ಬಗ್ಗೆ ವಾಟ್ಸಾಪಿನಲ್ಲಿ ಆಗಾಗ ಒಂದು ಸಂದೇಶ ಬರುತ್ತದೆ. ಹಿಂದಿನ ರಾಜರು ಯುದ್ಧಕ್ಕೆ ಹೊರಡುವಾಗ ಭೇರಿ ಬಾರಿಸುತ್ತಿದ್ದದ್ದು ಸುಮ್ನೆ ಅಲ್ಲವಂತೆ. ಅದರ ಕಂಪನ 432 ಹರ್ಟ್ಸ್ ಎಂಬ ದಿವ್ಯ ಸಂಖ್ಯೆಯದಂತೆ. ಅದು ಸೈನಿಕನ ನರನಾಡಿಗೆ ಇಳಿದು ಭಯವನ್ನು ಓಡಿಸುತ್ತಿತ್ತಂತೆ.

ಹರ್ಟ್ಸ್ ಅಂದರೆ ಸೆಕೆಂಡಿಗೆ ಎಷ್ಟು ಸಲ ಅದುರುತ್ತದೆ ಎಂಬ ಲೆಕ್ಕ. ಸೆಕೆಂಡು ನಾವು ಮಾಡಿಕೊಂಡ ಅಳತೆ. ನಾಳೆ ಅದನ್ನು ಕೊಂಚ ಉದ್ದ ಮಾಡಿದರೆ ದಿವ್ಯ ಸಂಖ್ಯೆಯೂ ಬದಲಾಗುತ್ತದೆ, ಅಲ್ವಾ? ಇನ್ನೊಂದು ತಕರಾರು. ದೊಡ್ಡ ಚರ್ಮವಾದ್ಯ ಒಂದೇ ಶ್ರುತಿಯಲ್ಲಿ ನುಡಿಯುವುದೇ ಇಲ್ಲ. ಚರ್ಮ ಒಂದೇ ಹೊತ್ತಿಗೆ ಹತ್ತಾರು ಬಗೆಯಲ್ಲಿ ಅದುರುತ್ತದೆ, ಒಂದಕ್ಕೊಂದು ಹೊಂದುವುದಿಲ್ಲ. ಮೃದಂಗದಲ್ಲಿ ಈ ಗದ್ದಲವನ್ನು ಪಳಗಿಸುವುದು ಕರಣೆ, ಅಂದರೆ ಚರ್ಮದ ನಡುವೆ ಮೆತ್ತಿದ ಕಪ್ಪು ಪದರ. ಇದನ್ನು ಸಿ. ವಿ. ರಾಮನ್ 1920ರಲ್ಲೇ ವಿವರಿಸಿದ್ದಾರೆ. ಡೊಳ್ಳಿಗೆ ಕರಣೆ ಇಲ್ಲ. ಹಾಗಾಗಿ ಅದರಲ್ಲಿ 432 ಹುಡುಕುವುದು ದಂಡ.

ಆದರೆ ಭೇರಿಗೆ ಶಕ್ತಿಯೇ ಇಲ್ಲ ಅನ್ನುತ್ತಿಲ್ಲ. ಇದೆ, ಅದು ಬೇರೆ ಕಡೆ ಇದೆ.

ಸಾಗರದ ಕಡೆ ಜಾತ್ರೆಯಲ್ಲಿ ಡೊಳ್ಳಿನ ತಂಡದ ಪಕ್ಕ ನಿಂತು ನೋಡಿ. ಎದೆಗೂಡೇ ಅದುರುತ್ತದೆ. ಪಕ್ಕದವರ ಮಾತು ಕೇಳಿಸುವುದಿಲ್ಲ. ಅಷ್ಟರ ನಡುವೆ ಯಾರದೋ ಹೆಗಲ ಮೇಲೆ ಕೂಸು ನಿದ್ದೆ ಮಾಡುತ್ತಿರುತ್ತದೆ. ರಾತ್ರಿಯಿಡೀ ನಡೆಯುವ ಯಕ್ಷಗಾನದಲ್ಲೂ ಅಷ್ಟೇ. ಬೆಳಗಿನ ಜಾವ ಚಂಡೆ ಸಿಡಿಯುತ್ತಿದ್ದರೂ ಅರ್ಧ ಜನ ಗೊರಕೆ ಹೊಡೆಯುತ್ತಿರುತ್ತಾರೆ. ಆಗ ಹಿಂದುಗಡೆ ಯಾರಾದರೂ ಕಬ್ಬಿಣದ ಕುರ್ಚಿ ಬೀಳಿಸಲಿ, ಚಂಡೆಗಿಂತ ಕಡಿಮೆ ಸದ್ದಾದರೂ ಮಲಗಿದವರು ಧಡಕ್ಕನೆ ಏಳುತ್ತಾರೆ.

ವ್ಯತ್ಯಾಸ ಇರುವುದು ಇಲ್ಲೇ. ಮಿದುಳಿಗೆ ಸದ್ದು ಎಷ್ಟು ಜೋರು ಎಂಬುದಕ್ಕಿಂತ ಮುಂದಿನ ಸದ್ದು ಯಾವಾಗ ಬರುತ್ತದೆ ಎಂಬುದು ಮುಖ್ಯ. ತಾಳ ಅಂದರೆ ಮುಂದಿನ ಪೆಟ್ಟು ಎಲ್ಲಿ ಬೀಳುತ್ತದೆ ಎಂಬ ಭರವಸೆ. ಯುದ್ಧಭೂಮಿಯ ಸದ್ದಿಗೆ ಆ ಭರವಸೆ ಇಲ್ಲ.

ಬೆಚ್ಚುವಿಕೆಯ ದಾರಿ ತೀರಾ ಗಿಡ್ಡ. ಹಠಾತ್ತನೆ ದೊಡ್ಡ ಸದ್ದು ಬಂದಾಗ ಕಿವಿಯ ನರದಿಂದ ಸುದ್ದಿ ಮಿದುಳುಕಾಂಡಕ್ಕೆ ಹೋಗುತ್ತದೆ. ಅಲ್ಲಿಂದ ಬೆನ್ನುಹುರಿ, ಅಲ್ಲಿಂದ ಸ್ನಾಯು. ನಡುವೆ ಬೆರಳೆಣಿಕೆಯಷ್ಟು ನರಕೋಶಗಳ ನಿಲ್ದಾಣ. ಸುಮಾರು 40 ಮಿಲಿಸೆಕೆಂಡಿಗೆ, ಅಂದರೆ ಸೆಕೆಂಡಿನ 25ನೇ ಒಂದು ಭಾಗದಲ್ಲಿ, ಕಣ್ಣು ಮುಚ್ಚತೊಡಗಿರುತ್ತದೆ. ಆಮೇಲೆ ಕತ್ತು ಕುಗ್ಗುತ್ತದೆ, ಭುಜ ಮೇಲೇಳುತ್ತದೆ. ಯೋಚಿಸುವ ಮೇಲಿನ ಮಿದುಳಿಗೆ ಆ ಹೊತ್ತಿಗೆ ಏನಾಯಿತೆಂದೇ ಗೊತ್ತಿರುವುದಿಲ್ಲ. ಅದೇ ಸದ್ದು ಒಂದೇ ಲೆಕ್ಕದಲ್ಲಿ ಮತ್ತೆ ಮತ್ತೆ ಬಂದರೆ ಈ ದಾರಿ ನಿಧಾನಕ್ಕೆ ತಣ್ಣಗಾಗುತ್ತದೆ.

ಸೈನ್ಯಗಳು ನರವಿಜ್ಞಾನ ಹುಟ್ಟುವ ಮೊದಲೇ ಇದನ್ನು ಕಂಡುಕೊಂಡಿದ್ದವು. ಒಟ್ಟೋಮನ್ ತುರ್ಕರು ದೊಡ್ಡ ನಗಾರಿ, ತಾಳಗಳ ಮೆಹ್ತರ್ ವಾದ್ಯಮೇಳವನ್ನು ಯುದ್ಧಕ್ಕೆ ಒಯ್ಯುತ್ತಿದ್ದರು. ಯುರೋಪಿನವರು ಅದನ್ನು ನೋಡಿ ಕಲಿತರು. ನಮ್ಮ ಸೈನ್ಯದ ಕವಾಯತಿನಲ್ಲಿ ‘ತೇಜ್ ಚಲ್’ ಎಂಬ ಬಿರುಸಿನ ನಡಿಗೆ ನಿಮಿಷಕ್ಕೆ 120 ಹೆಜ್ಜೆ, ಸೆಕೆಂಡಿಗೆ ಎರಡು. ಮನುಷ್ಯ ತನ್ನಷ್ಟಕ್ಕೆ ನಡೆಯುವಾಗಲೂ ಹೆಚ್ಚುಕಮ್ಮಿ ಇದೇ ಲೆಕ್ಕ. ಹೀಗೆ ಒಂದೇ ಹೆಜ್ಜೆಯಲ್ಲಿ ನಡೆದವರ ಮೇಲೆ 2014ರಲ್ಲಿ ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು ಒಂದು ಪ್ರಯೋಗ ಪ್ರಕಟಿಸಿದರು. ಜೊತೆಗಾರನ ಹೆಜ್ಜೆಗೆ ಹೆಜ್ಜೆ ಸೇರಿಸಿ ನಡೆದ ಗಂಡಸರಿಗೆ ಕೋಪದ ಮುಖದ ಒಬ್ಬ ಮನುಷ್ಯನ ಫೋಟೋ ತೋರಿಸಿ, ಇವನೆಷ್ಟು ದೊಡ್ಡ ಆಳು ಎಂದು ಕೇಳಿದರು. ಹೆಜ್ಜೆ ಸೇರಿಸದೆ ನಡೆದವರಿಗಿಂತ ಅವರಿಗೆ ಆ ಮನುಷ್ಯ ಚಿಕ್ಕವನಾಗಿ, ಕಡಿಮೆ ಬಲದವನಾಗಿ ಕಂಡ. ಭೇರಿಯ ಗುಟ್ಟು ಇಷ್ಟೇ ಇರಬಹುದು. ಅದು ಹೆಜ್ಜೆ ಕೂಡಿಸುತ್ತದೆ, ಕೂಡಿದ ಹೆಜ್ಜೆ ಶತ್ರುವನ್ನು ಕುಗ್ಗಿಸಿ ತೋರಿಸುತ್ತದೆ.

ಇದರ ಉಲ್ಟಾ ಕೆಲಸವನ್ನೂ ಸದ್ದಿನಿಂದಲೇ ಮಾಡಿದ್ದಾರೆ. ಹೈದರ್, ಟಿಪ್ಪುವಿನ ಕಬ್ಬಿಣದ ಕೊಳವೆಯ ರಾಕೆಟ್‌ಗಳು ಗುರಿಗೆ ಬೀಳುವುದು ಅಷ್ಟಕ್ಕಷ್ಟೇ. ಆದರೆ ಅವುಗಳ ಅರಚಾಟಕ್ಕೆ ಕುದುರೆಗಳು ಕಂಗೆಡುತ್ತಿದ್ದವು. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಸ್ಟುಕಾ ವಿಮಾನಗಳ ಚಕ್ರದ ಕಾಲಿಗೆ ಸೈರನ್ ಕಟ್ಟಿದ್ದರು. ಬಾಂಬಿಗಿಂತ ಮೊದಲು ಊಳಿಡುವ ಸದ್ದು ಬರಲಿ ಅಂತ. ಇದೇ ಯುದ್ಧದ ಇನ್ನೊಂದು ತುದಿಯಲ್ಲಿ, 1944ರ ಜೂನ್ 6ರಂದು, ಬಿಲ್ ಮಿಲಿನ್ ಎಂಬ ಸ್ಕಾಟ್ಲೆಂಡಿನ ಸೈನಿಕ ನಾರ್ಮಂಡಿಯ ಕಡಲದಂಡೆಯಲ್ಲಿ ಗುಂಡಿನ ಮಳೆಯ ನಡುವೆ ಬ್ಯಾಗ್‌ಪೈಪ್ ನುಡಿಸುತ್ತಾ ಓಡಾಡಿದ. ಸೆರೆಸಿಕ್ಕ ಜರ್ಮನ್ನರು ಆಮೇಲೆ ಹೇಳಿದರಂತೆ, ಅವನಿಗೆ ಹುಚ್ಚು ಅಂದುಕೊಂಡು ಗುಂಡು ಹೊಡೆಯಲಿಲ್ಲ ಎಂದು.

ಇನ್ನು ನನಗೆ ತುಂಬಾ ಇಷ್ಟವಾದ ವಿಷಯಕ್ಕೆ ಬರುತ್ತೇನೆ. ಹಳಬ ಸೈನಿಕರಿಗೆ ಒಂದೇ ಈಡಿಗೆ ಎರಡು ಸದ್ದು ಕೇಳುತ್ತದೆ. ಮೊದಲು ‘ಟಕ್’, ಆಮೇಲೆ ‘ಧಪ್’. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ರೈಫಲ್ ಗುಂಡು ಹೊರಡುವಾಗಲೇ ಸೆಕೆಂಡಿಗೆ 700ರಿಂದ 900 ಮೀಟರ್ ವೇಗದಲ್ಲಿರುತ್ತದೆ. ತನ್ನ ಸದ್ದನ್ನು ತಾನೇ ಹಿಂದಿಕ್ಕಿ ಹೋಗುವ ಗುಂಡು ಗಾಳಿಯನ್ನು ಸೀಳಿ ಹಿಂದೆ ಒಂದು ಒತ್ತಡದ ಅಲೆಯನ್ನು ಎಳೆದುಕೊಂಡು ಹೋಗುತ್ತದೆ. ಶರಾವತಿ ಹಿನ್ನೀರಿನಲ್ಲಿ ಮೋಟಾರು ದೋಣಿ ದಾಟಿ ಹೋದ ಮೇಲೆ ಅದರ ಅಲೆ ಬಂದು ದಡಕ್ಕೆ ಬಡಿಯುತ್ತದಲ್ಲ, ಹಾಗೆ. ಆ ಅಲೆ ಕಿವಿಗೆ ಬಡಿದಾಗ ‘ಟಕ್’. ಅಷ್ಟೊತ್ತಿಗೆ ಗುಂಡು ದಾಟಿಯಾಗಿದೆ. ‘ಧಪ್’ ಎನ್ನುವುದು ಕೋವಿಯ ಬಾಯಿಯ ಸದ್ದು. ಅದು ಪಾಪ, 340ರಲ್ಲೇ ನಡೆದುಕೊಂಡು ಬರಬೇಕು.

ಈಗ ಲೆಕ್ಕ ಹಾಕಿ. ಶತ್ರು 500 ಮೀಟರ್ ದೂರದಲ್ಲಿದ್ದಾನೆ. ಗುಂಡಿನ ಸರಾಸರಿ ವೇಗ 700 ಅಂದುಕೊಳ್ಳಿ. ಅದು 0.7 ಸೆಕೆಂಡಿಗೆ ಬರುತ್ತದೆ, ಕೋವಿಯ ಸದ್ದು ಸುಮಾರು 1.5 ಸೆಕೆಂಡಿಗೆ. ನಡುವೆ ಮುಕ್ಕಾಲು ಸೆಕೆಂಡು. ಅಂತರ ಜಾಸ್ತಿಯಾದಷ್ಟೂ ಶತ್ರು ದೂರ. ಹೊಸಬ ‘ಟಕ್’ ಬಂದ ಕಡೆ ತಲೆ ತಿರುಗಿಸಿ ಮೋಸ ಹೋಗುತ್ತಾನೆ. ಕೋವಿ ಎಲ್ಲಿದೆ ಎಂದು ಹೇಳುವುದು ‘ಧಪ್’ ಮಾತ್ರ. ಕಾರ್ಗಿಲ್‌ನಂಥ ಬೆಟ್ಟದ ಸಂದಿಯಲ್ಲಿ ಇದರ ಮೇಲೆ ಪ್ರತಿಧ್ವನಿಯ ಗೋಜಲು ಬೇರೆ. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಕುಳಿತವರು ಕೂಡ ಹೀಗೇ ಫಿರಂಗಿಯ ಶೆಲ್ಲುಗಳ ಕೂಗು ಕೇಳಿ ಯಾವುದು ತಲೆ ಮೇಲೆ ಹಾದುಹೋಗುತ್ತದೆ, ಯಾವುದು ಇಲ್ಲೇ ಬೀಳುತ್ತದೆ ಎಂದು ಗುರುತಿಸಲು ಕಲಿತಿದ್ದರು. ತಾಳವಿಲ್ಲದ ಕಡೆ ಕಿವಿ ತಾನೇ ಒಂದು ತಾಳ ಹುಡುಕಿಕೊಳ್ಳುತ್ತದೆ.

ಬಿಡುವಿನಲ್ಲಿ ಸೈನಿಕರು ಕೇಳುವುದು ಹೆಚ್ಚಾಗಿ ಹಳೆಯ, ಬಾಯಿಪಾಠವಾದ ಹಾಡು. ವಿವಿಧ ಭಾರತಿ ಹಲವು ದಶಕಗಳಿಂದ ಜವಾನರಿಗಾಗಿಯೇ ‘ಜಯಮಾಲಾ’ ಎಂಬ ಹಾಡಿನ ಕಾರ್ಯಕ್ರಮ ನಡೆಸುತ್ತಾ ಬಂದಿದೆ. ಮುಂದಿನ ಸಾಲು ಗೊತ್ತಿರುವ ಹಾಡಿನಲ್ಲಿ ಬೆಚ್ಚಲು ಏನೂ ಇರುವುದಿಲ್ಲ.

ತೊಂದರೆ ಶುರುವಾಗುವುದು ಊರಿಗೆ ಬಂದ ಮೇಲೆ. ನಮ್ಮ ಕಡೆ ತೋಟಕ್ಕೆ ಮಂಗ ಬಂದರೆ ಗರ್ನಾಲು ಎಂಬ ದೊಡ್ಡ ಸದ್ದಿನ ಪಟಾಕಿ ಹೊಡೆಯುತ್ತಾರೆ. ಪಕ್ಕದೂರಿನ ಮಾಜಿ ಸೈನಿಕರೊಬ್ಬರು ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದರು. ತೋಟದಲ್ಲಿ ಗರ್ನಾಲು ಸಿಡಿಯಿತು. ನಾವೆಲ್ಲ ತಲೆ ಎತ್ತುವ ಮೊದಲೇ ಅವರು ಅಂಗಳದಲ್ಲಿ ಬೋರಲು ಮಲಗಿದ್ದರು, ಸುಲಿದ ಅಡಿಕೆ ಚೆಲ್ಲಾಪಿಲ್ಲಿ. “ಮಿಲಿಟ್ರಿಲಿ ಇದ್ದೋರು ಗರ್ನಾಲಿಗೆ ಹೆದರ್ತಾರಾ?” ಅಂತ ಒಬ್ಬರು ನಕ್ಕರು. “ಗಾಳಿ ಸೋಕಿರ್ಬೇಕು, ಒಂದು ಅಂತ್ರ ಕಟ್ಸಿ” ಅಂತ ಇನ್ನೊಬ್ಬರು. ಅವರು ಮೈ ಕೊಡವಿಕೊಳ್ಳುತ್ತಾ ಹೇಳಿದ್ದು ಇಷ್ಟೇ: “ಮಲಗಾದ್ಮೇಲೇ ನಂಗೆ ಸದ್ದು ಕೇಳ್ಸಿದ್ದು.”

ಈ ಮಾತು ಶುದ್ಧ ವಿಜ್ಞಾನ. ಮೊದಲ 40 ಮಿಲಿಸೆಕೆಂಡು ಮಿದುಳುಕಾಂಡದ್ದು. ಮಲಗಿದ್ದು ವರ್ಷಗಟ್ಟಲೆ ಕಲಿತ ಕವಾಯತು. ಇದರಲ್ಲಿ ಗಾಳಿಯೂ ಇಲ್ಲ, ಹೇಡಿತನವೂ ಇಲ್ಲ. ಇದನ್ನು ಒಪ್ಪಿಕೊಳ್ಳಲು ಜಗತ್ತಿಗೂ ಬಹಳ ಕಾಲ ಬೇಕಾಯಿತು. ಮೊದಲ ಮಹಾಯುದ್ಧದ ನಡುವೆ, 1915ರಲ್ಲಿ, ಚಾರ್ಲ್ಸ್ ಮೈಯರ್ಸ್ ಎಂಬ ವೈದ್ಯ ‘ಶೆಲ್ ಶಾಕ್’ ಬಗ್ಗೆ, ಅಂದರೆ ಯುದ್ಧದ ಆಘಾತಕ್ಕೆ ಸೈನಿಕರ ಮೈಮನಸ್ಸು ಕಂಗೆಡುವ ಬಗ್ಗೆ ಬರೆದ. ಆದರೂ ಆ ಯುದ್ಧದಲ್ಲಿ ಬ್ರಿಟಿಷ್ ಸೈನ್ಯ ಓಡಿಹೋದದ್ದಕ್ಕೆ, ಹೇಡಿತನಕ್ಕೆ ಎಂದು ತನ್ನವರನ್ನೇ ಗುಂಡಿಕ್ಕಿ ಕೊಂದಿತು. ಅವರಲ್ಲಿ ಶೆಲ್ ಶಾಕ್ ಆದವರೂ ಇದ್ದರು. ಹಾಗೆ ಸತ್ತ 306 ಜನರಿಗೆ ಕ್ಷಮೆ ಸಿಕ್ಕಿದ್ದು 2006ರಲ್ಲಿ.

ಅಭ್ಯಾಸದಿಂದ ಬೆಚ್ಚುವಿಕೆ ಪೂರ್ತಿ ಹೋಗುತ್ತದೆ ಎಂಬುದೂ ಸುಳ್ಳು. 1930ರ ದಶಕದಲ್ಲಿ ಲ್ಯಾಂಡಿಸ್ ಮತ್ತು ಹಂಟ್ ಎಂಬ ಅಮೆರಿಕದ ವಿಜ್ಞಾನಿಗಳು ಪಿಸ್ತೂಲಿನ ಸದ್ದಿಗೆ ಜನ ಬೆಚ್ಚುವುದನ್ನು ವೇಗದ ಕ್ಯಾಮೆರಾದಲ್ಲಿ ಹಿಡಿದರು. ಗುಂಡು ಹೊಡೆದು ಪಳಗಿದ ಪೊಲೀಸರಲ್ಲೂ ಕಣ್ಣು ಮಿಟುಕುವುದು ನಿಲ್ಲಲಿಲ್ಲ.

ಮೊದಲೇ ತಿಳಿಸಿದರೆ ಪೆಟ್ಟು ಕೊಂಚ ಕಡಿಮೆ. ಹಾಗಾಗಿ ಆ ಮಾಜಿ ಸೈನಿಕರ ಮನೆಯ ಪಕ್ಕದವರು ಈಗ ಗರ್ನಾಲು ಹೊಡೆಯುವ ಮೊದಲು ಫೋನ್ ಮಾಡುತ್ತಾರೆ. ನಿದ್ದೆಗೆಟ್ಟು, ಕನಸು ಕಾಡಿ, ಸಣ್ಣ ಸದ್ದಿಗೂ ಮೈ ನಡುಗುವಷ್ಟಾದರೆ ಅದಕ್ಕೆ ಮನೋವೈದ್ಯರಲ್ಲಿ ಚಿಕಿತ್ಸೆ ಇದೆ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಸಂಖ್ಯೆ 14416, ಕನ್ನಡದಲ್ಲೇ ಮಾತಾಡಬಹುದು. ಕಿವಿಯೊಳಗೆ ಸದಾ ಗುಂಯ್ ಎನ್ನುತ್ತಿದ್ದರೆ ಕಿವಿಯ ಡಾಕ್ಟರಿಗೂ ತೋರಿಸಿ. ಒಳಗಿವಿಯ ಕೂದಲಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ, ಉಳಿದದ್ದನ್ನಾದರೂ ಕಾಪಾಡಿಕೊಳ್ಳಬಹುದು.